ಸಂಘ ದೊಡ್ಡದೋ, ನೀನು ದೊಡ್ಡವನೋ? ಕಮ್ಯುನಿಸಂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಒಂದು ರೂಮಿನಲ್ಲಿ ಸೇರಿ ಓದುತ್ತೇವೆ. ಇಬ್ಬರು ಯೂನಿವರ್ಸಿಟಿ ಹುಡುಗರು, ಗಂಜ್‌ನಲ್ಲಿ (ಕಾಳಿನ ಮಾರುಕಟ್ಟೆಯಲ್ಲಿ) ಲೆಕ್ಕ ಬರೆಯುವವರು ಒಬ್ಬರು, ಒಬ್ಬ ಅಂಗನವಾಡಿ ಟೀಚರ್, ರಿಟೈರ್ ಆದ ಮಾಸ್ತರು ಒಬ್ಬರು. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು. ಪ್ರತಿ ಸಲ ಹೇಳಿ ಹೇಳಿ ಗಂಟಲು ಒಣಗುತ್ತದೆ, ಚಹಾ ಆರಿಹೋಗುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ. ನಾನು ಈಗ ಯಾವ ಪಾರ್ಟಿಯಲ್ಲೂ ಇಲ್ಲ. ಒಂದು ಕಾಲಕ್ಕೆ ಒಂದು ಸಂಘಟನೆಯಲ್ಲಿದ್ದೆ. ಆ ಕತೆ ಕೆಳಗೆ ಬರುತ್ತದೆ.

ಕಮ್ಯುನಿಸಂನಲ್ಲಿ ಒಬ್ಬೊಬ್ಬ ಮನುಷ್ಯನಿಗೆ ಬೆಲೆಯೇ ಇಲ್ಲ, ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕ್ತಾರೆ ಅಂತಾರಲ್ವಾ?

ಅಂತಾರೆ. ಹಾಗೆ ಅನ್ನೋದಕ್ಕೆ ಚರಿತ್ರೆಯಲ್ಲಿ ಬೇಕಾದಷ್ಟು ಕಾರಣಗಳಿವೆ. ಆದರೆ ಮೂಲದಲ್ಲಿ ಬರೆದಿರುವುದು ಉಲ್ಟಾ. ಕಾರ್ಲ್ ಮಾರ್ಕ್ಸ್ ತನ್ನ ಗೆಳೆಯ ಎಂಗೆಲ್ಸ್ ಜೊತೆ ಬರೆದ ಕಮ್ಯುನಿಸ್ಟ್ ಪ್ರಣಾಳಿಕೆ ಅಚ್ಚಾದದ್ದು 1848ರ ಫೆಬ್ರವರಿಯಲ್ಲಿ, ಲಂಡನ್ನಿನಲ್ಲಿ. ಬರೆದಾಗ ಮಾರ್ಕ್ಸ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಎಂಗೆಲ್ಸ್ ಅವನಿಗಿಂತ ಎರಡು ವರ್ಷ ಚಿಕ್ಕವನು. ಅದರ ಎರಡನೇ ಅಧ್ಯಾಯದ ಕೊನೆಯ ಸಾಲು ಹೀಗೆ ಹೇಳುತ್ತದೆ: (ಆಸ್ತಿಯುಳ್ಳವರು, ದುಡಿಯುವವರು ಅನ್ನುವ) ವರ್ಗಗಳು ಹೋದ ಮೇಲೆ ಬರುವ ಕೂಟದಲ್ಲಿ ಒಬ್ಬೊಬ್ಬರ ಸ್ವತಂತ್ರ ಬೆಳವಣಿಗೆಯೇ ಎಲ್ಲರ ಸ್ವತಂತ್ರ ಬೆಳವಣಿಗೆಗೆ ಷರತ್ತು.

ಇದನ್ನು ಎರಡು ಸಲ ಓದಿ. ಎಲ್ಲರೂ ಉದ್ಧಾರವಾದರೆ ನೀನೂ ಆಗ್ತೀಯ, ಅಲ್ಲಿವರೆಗೆ ಸುಮ್ನೆ ಕೂತ್ಕೋ ಅಂತ ಇಲ್ಲಿಲ್ಲ. ನಿನ್ನನ್ನು ತುಳಿದು ಎಲ್ಲರನ್ನೂ ಬೆಳೆಸೋಕೆ ಆಗಲ್ಲ ಅಂತಿದೆ. ಮುಂದೆ ಈ ಹೆಸರಿನಲ್ಲಿ ರಾಜ್ಯ ಆಳಿದ ಬಹಳಷ್ಟು ಜನ ಇದೇ ಸಾಲನ್ನು ತಲೆಕೆಳಗು ಮಾಡಿದರು. ಕೆಳಗಿನ ಹೆಚ್ಚಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಮತ್ತೆ ‘ಸಮುದಾಯ’ ಅಂದರೆ ಯಾವುದು?

ನಮ್ಮ ಕಡೆ ಈ ಪದದ ಹಣೆಬರಹವೇ ಬೇರೆ. ಪೇಪರ್‌ನಲ್ಲಿ ‘ನಮ್ಮ ಸಮುದಾಯಕ್ಕೆ ಟಿಕೆಟ್ ಕೊಡಿ’ ಅಂತ ಬಂದರೆ ಅದು ಜಾತಿ. ಊರೂರಲ್ಲಿರುವ ಸಮುದಾಯ ಭವನದ ಬೋರ್ಡ್ ಓದಿ, ಮೇಲೊಂದು ಜಾತಿಯ ಹೆಸರೋ ಆ ಜಾತಿಯ ಮಹಾಪುರುಷರ ಹೆಸರೋ ಇರುತ್ತದೆ. ಹಾಗಾಗಿ ‘ಕಮ್ಯುನಿಸ್ಟರಿಗೆ ಸಮುದಾಯ ಮುಖ್ಯ’ ಅಂದ ಕೂಡಲೇ ನಮ್ಮ ಹುಡುಗರ ಮುಖದಲ್ಲಿ ಒಂದು ಅನುಮಾನ. ತಪ್ಪೇನಿಲ್ಲ.

ಮಾರ್ಕ್ಸ್‌ಗೂ ಆ ಬಗೆಯ ಸಮುದಾಯದ ಮೇಲೆ ಪ್ರೀತಿ ಇರಲಿಲ್ಲ. 1853ರಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆಗೆ ಭಾರತದ ಬಗ್ಗೆ ಬರೆಯುವಾಗ, ನೋಡೋಕೆ ಚಂದ ಕಾಣುವ ಈ ಹಳ್ಳಿಗಳು ಮನುಷ್ಯನ ಮನಸ್ಸನ್ನು ಕಿರಿದು ಮಾಡಿದವು, ಜಾತಿ ಮತ್ತು ಗುಲಾಮಗಿರಿಯಿಂದ ಹೊಲಸಾಗಿದ್ದವು ಅಂದ. ಅವನು ಇಲ್ಲಿಗೆ ಬಂದವನಲ್ಲ. ಇಂಗ್ಲಿಷರ ವರದಿಗಳನ್ನು ನೆಚ್ಚಿಕೊಂಡು ಬರೆದದ್ದರಿಂದ ಕೆಲವು ಕಡೆ ಎಡವಿದ್ದಾನೆ. ಆದರೆ ಈ ಮಾತು ಎಡವಿದ್ದಲ್ಲ.

ಸುಮಾರು 95 ವರ್ಷದ ನಂತರ, 1948ರ ನವೆಂಬರ್ 4ರಂದು, ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಅಜ್ಞಾನದ, ಸಣ್ಣ ಬುದ್ಧಿಯ ಗೂಡು ಅಂತ ಕರೆದರು. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕ ಅಂತ ತೆಗೆದುಕೊಂಡದ್ದು ಸಂತೋಷ ಅಂದರು. ಅದೇ ಸೆಪ್ಟೆಂಬರಿನಲ್ಲಷ್ಟೇ ನಮ್ಮ ಹೈದರಾಬಾದ್ ಸಂಸ್ಥಾನ ನಿಜಾಮನ ಕೈಬಿಟ್ಟಿತ್ತು. ಗೌಡರ ಮನೆಯ ಬಿಟ್ಟಿ ಚಾಕರಿ ನೋಡಿದವರಿಗೆ ಅಂಬೇಡ್ಕರ್ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಮಾರ್ಕ್ಸ್ ಬಯಸಿದ್ದು ಎಂಥದ್ದು? 1845-46ರಲ್ಲಿ ಎಂಗೆಲ್ಸ್ ಜೊತೆ ಬರೆದ ಕೈಬರಹದಲ್ಲಿ ಅವನು ಎರಡು ಬಗೆ ಮಾಡುತ್ತಾನೆ. ಒಂದು ನಕಲಿ ಸಮುದಾಯ. ಅಲ್ಲಿ ನೀನು ಯಾರು ಅನ್ನೋದು ಹುಟ್ಟಿದಾಗಲೇ ಗೊತ್ತಾಗಿರುತ್ತದೆ. ಎಲ್ಲರ ಹೆಸರು ಹೇಳುತ್ತಾರೆ, ಸ್ವಾತಂತ್ರ್ಯ ಮಾತ್ರ ಮೇಲಿನ ನಾಲ್ಕು ಜನರಿಗೆ. ಇನ್ನೊಂದು ನಿಜವಾದದ್ದು. ಅಲ್ಲಿ ಜನ ಜನರಾಗಿಯೇ ಸೇರುತ್ತಾರೆ, ಸೇರಿದ್ದರಿಂದಲೇ ಅವರ ಕೈಗೆ ಸ್ವಾತಂತ್ರ್ಯ ಬರುತ್ತದೆ. ಹೊರಗೆ ಹೋಗೋಕೆ ಬಾಗಿಲಿಲ್ಲದ ಮನೆಯನ್ನು ಅವನು ಸಮುದಾಯ ಅನ್ನುತ್ತಿರಲಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಎಲ್ಲರಿಗೂ ಸಮಪಾಲು. ಇಷ್ಟೇ ತಾನೆ ಕಮ್ಯುನಿಸಂ?

ಕನ್ನಡದಲ್ಲಿ ‘ಸಮತಾವಾದ’ ಅನ್ನುವ ಪದ ಇರೋದರಿಂದ ಹಾಗೆ ಅನ್ನಿಸುತ್ತದೆ. ಪದ ಚೆನ್ನಾಗಿದೆ, ಆದರೆ ದಾರಿ ತಪ್ಪಿಸುತ್ತದೆ.

ಗಂಜ್‌ನಲ್ಲಿ ನೋಡಿದ್ದನ್ನು ಹೇಳುತ್ತೇನೆ. ಜನವರಿ, ತೊಗರಿ ಬರುವ ಕಾಲ. ಹನ್ನೊಂದು ಹಮಾಲರ ಟೋಳಿ. ಲಾರಿಗೆ ಹಲಗೆ ಹಚ್ಚಿ, ಕೈಯಲ್ಲಿ ಕಬ್ಬಿಣದ ಕೊಕ್ಕೆ ಹಿಡಿದು, ಬೆಳಿಗ್ಗೆಯಿಂದ ಚೀಲ ಏರಿಸುತ್ತಿದ್ದರು. ತೊಗರಿ ಧೂಳಿಗೆ ಎಲ್ಲರ ರೆಪ್ಪೆಯೂ ಹಳದಿ. ಕೂಲಿ ಚೀಲದ ಲೆಕ್ಕ. ಸಂಜೆ ಅಂಗಡಿಯ ಕಟ್ಟೆ ಮೇಲೆ ಮುಕಾದಮ ಟವೆಲ್ ಹಾಸಿ, ನೋಟು ಚಿಲ್ಲರೆ ಸುರಿದು, ಹನ್ನೊಂದು ಪಾಲು ಮಾಡಿದ. ಅವರಲ್ಲಿ ಒಬ್ಬ ಹಿರಿಯ, ಅರವತ್ತು ದಾಟಿರಬೇಕು. ಮಧ್ಯಾಹ್ನದ ಮೇಲೆ ಚೀಲ ಎತ್ತಲೇ ಇಲ್ಲ. ಚೀಲದ ಬಾಯಿ ಹೊಲಿಯುತ್ತ, ಚೆಲ್ಲಿದ ಕಾಳು ಗುಡಿಸುತ್ತ ಇದ್ದ. ಅವನಿಗೂ ಅಷ್ಟೇ ಪಾಲು. ಒಬ್ಬ ಹುಡುಗ ಗೊಣಗಿದ. ಮುಕಾದಮ ತಲೆ ಎತ್ತದೆ, “ಯಾಕೋ ತಮ್ಮಾ, ನೀ ಮುದುಕ ಆಗಂಗಿಲ್ಲೇನು?” ಅಂದ. ಹುಡುಗ ನಕ್ಕು ಪಾಲು ಜೇಬಿಗೆ ಹಾಕಿಕೊಂಡ.

ನನಗೆ ಅದೊಂದು ಪಾಠದ ಹಾಗೆ ಕಂಡಿತು. ಆದರೆ ನಮ್ಮ ಲೆಕ್ಕದವರು ಬಿಡಲಿಲ್ಲ. “ಸರ್, ಆ ಮುದುಕಂಗ ಮನ್ಯಾಗ ಹೆಂಡ್ತಿ ಒಬ್ಬಾಕಿ. ಅಕಾ ಆ ಮೂಲ್ಯಾಗ ಕುಂತಾನಲ್ಲ, ಅವಂಗ ಐದು ಮಕ್ಕಳು, ತಾಯಿಗಿ ಡಯಾಲಿಸಿಸ್. ಇಬ್ಬರಿಗೂ ಒಂದೇ ಪಾಲು. ಇದು ಸಮ ಹೇಂಗಾತು?”

ಮಾರ್ಕ್ಸ್ 1875ರಲ್ಲಿ ಹಿಡಿದದ್ದು ಸರಿಯಾಗಿ ಇದನ್ನೇ. ಜರ್ಮನಿಯ ಸಮಾಜವಾದಿಗಳು ಗೋಥಾ ಅನ್ನುವ ಊರಿನಲ್ಲಿ ಒಂದಾಗೋಕೆ ಒಂದು ಕಾರ್ಯಕ್ರಮ ಬರೆದಿದ್ದರು. ಅದಕ್ಕೆ ಅವನು ಬರೆದ ಟಿಪ್ಪಣಿಯಲ್ಲಿ, ಸಮಾನ ಹಕ್ಕು ಅನ್ನೋದು ಕೊನೆಗೆ ಅಸಮಾನತೆಯ ಹಕ್ಕೇ ಅನ್ನುತ್ತಾನೆ. ಒಬ್ಬನಿಗೆ ಮದುವೆಯಾಗಿದೆ, ಇನ್ನೊಬ್ಬನಿಗಿಲ್ಲ. ಒಬ್ಬನಿಗೆ ಮಕ್ಕಳು ಜಾಸ್ತಿ. ಒಬ್ಬನ ಮೈಯಲ್ಲಿ ಬಲ ಇದೆ. ಎಲ್ಲರನ್ನೂ ‘ಕೆಲಸಗಾರ’ ಅನ್ನುವ ಒಂದೇ ಕೋಲಿನಿಂದ ಅಳೆದರೆ ಉಳಿದದ್ದೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅದಕ್ಕೇ ಕೊನೆಗೆ ಬರಬೇಕಾದ ಹಂತಕ್ಕೆ ಅವನು ಇಟ್ಟ ನಿಯಮ ಬೇರೆ: ಕೈಲಾದಷ್ಟು ದುಡಿ, ಬೇಕಾದಷ್ಟು ಪಡೆ. (ಈ ಘೋಷಣೆ ಅವನ ಸ್ವಂತದ್ದಲ್ಲ. ಫ್ರಾನ್ಸಿನ ಸಮಾಜವಾದಿಗಳ ಬಾಯಲ್ಲಿ ಮೊದಲೇ ಇತ್ತು.)

ಅಂದರೆ ಇಲ್ಲಿ ವ್ಯಕ್ತಿ ಕರಗಿಹೋಗುವುದಿಲ್ಲ. ಅವನ ಮನೆ, ಅವನ ಮೈ, ಅವನ ತಾಯಿಯ ಕಾಯಿಲೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಸರಿ, ಯಾರಿಗೆ ಎಷ್ಟು ಬೇಕು ಅಂತ ಹೇಳೋರು ಯಾರು? ಇದಕ್ಕೆ ಮಾರ್ಕ್ಸ್ ಬಿಡಿಸಿ ಉತ್ತರ ಕೊಡಲಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಅಧಿಕಾರಿಗಳು ಹೇಳಿದರು. ಅವರಿಗೆ ‘ಬೇಕಾದದ್ದು’ ಬೇರೆಯದೇ ಅಂಗಡಿಯಲ್ಲಿ ಸಿಗುತ್ತಿತ್ತು.

ನಾನು ನನ್ನ ಪಾಡಿಗೆ ದುಡಿದು ತಿನ್ನೋನು. ನನಗೆ ಯಾರ ಹಂಗು?

ಇವತ್ತು ಬೆಳಿಗ್ಗೆ ತಿಂದ ರೊಟ್ಟಿಯ ಹಿಂದೆ ಬಿತ್ತಿದವರು, ಕೊಯ್ದವರು, ಗಿರಣಿಯವರು, ತಟ್ಟಿದವರು ಇದ್ದಾರೆ. ಒಂಟಿ ದ್ವೀಪದ ಬೇಟೆಗಾರನಿಂದ ಅರ್ಥಶಾಸ್ತ್ರ ಶುರು ಮಾಡುವವರನ್ನು ಮಾರ್ಕ್ಸ್ 1857ರಲ್ಲೇ ಗೇಲಿ ಮಾಡಿದ್ದ. ಮನುಷ್ಯ ‘ನಾನು ಬೇರೆ’ ಅಂತ ಹೇಳಿಕೊಳ್ಳೋಕೂ ಸಮಾಜದ ಒಳಗಿದ್ದರೇ ಸಾಧ್ಯ, ಮಾತನಾಡೋಕೆ ಇನ್ನೊಬ್ಬರಿಲ್ಲದೆ ಭಾಷೆ ಹುಟ್ಟುತ್ತದೆಯೇ ಅಂತ ಕೇಳಿದ.

ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ ಅಂತೀವಲ್ಲ, ಮಾರ್ಕ್ಸ್‌ನ 1867ರ ಪುಸ್ತಕ ‘ಬಂಡವಾಳ’ದಲ್ಲಿ ಅದಕ್ಕೆ ಹತ್ತಿರದ ಚಿತ್ರ ಇದೆ. ಹನ್ನೆರಡು ಗೌಂಡಿಗಳು ಸಾಲಾಗಿ ನಿಂತು ಏಣಿಯ ಕೆಳಗಿಂದ ಮೇಲಕ್ಕೆ ಕಲ್ಲು ದಾಟಿಸುವುದು. ಅವರು ಬೇರೆ ಬೇರೆಯಾಗಿ ಹತ್ತಿ ಇಳಿದಿದ್ದರೆ ಆ ಕೆಲಸಕ್ಕೆ ಎಷ್ಟೋ ಹೊತ್ತು ಬೇಕಿತ್ತು. ಈ ಹೆಚ್ಚಿನ ಬಲ ಯಾರ ಸ್ವತ್ತು? ಸೇರಿದ್ದರಿಂದ ಹುಟ್ಟಿದ ಬಲ ಸೇರಿಸಿದ ಮಾಲೀಕನ ಜೇಬಿಗೆ ಬಿಟ್ಟಿಯಾಗಿ ಹೋಗುತ್ತದೆ ಅನ್ನುವುದು ಅವನ ತಕರಾರು.

‘ಪರಕೀಯತೆ’ ಅಂತ ಪುಸ್ತಕದಲ್ಲಿ ಬರುತ್ತಲ್ಲ, ಅದೇನು?

ನಮ್ಮ ಓಣಿಯ ಹುಡುಗನೊಬ್ಬ ಗುಳೆ ಹೋಗಿ ಬೆಂಗಳೂರಿನಲ್ಲಿ ಟೈಲ್ಸ್ ಹಾಕುತ್ತಾನೆ. ಹದಿನಾಲ್ಕನೇ ಮಹಡಿಯ ಒಂದು ಬಾತ್‌ರೂಮಿನ ಫೋಟೋ ಅವನ ಮೊಬೈಲಿನಲ್ಲಿದೆ. ನೀಲಿ ಟೈಲ್ಸ್, ಸಂದು ಕೂದಲೆಳೆಯಷ್ಟೂ ಸೊಟ್ಟಗಿಲ್ಲ. ಊರಿಗೆ ಬಂದಾಗ ಎಲ್ಲರಿಗೂ ತೋರಿಸುತ್ತಾನೆ. ಮಾಲೀಕರು ಬಂದು ಸೇರಿದ ಮೇಲೆ ಬಿಟ್ಟುಬಂದ ಲೆವೆಲ್ ಪಟ್ಟಿ ತರೋಕೆ ಹೋದರೆ ಗೇಟಿನಲ್ಲೇ ನಿಲ್ಲಿಸಿದರಂತೆ. “ನಾನೇ ಹಾಕಿದ್ದು ಅಣ್ಣಾ ಅಂದೆ. ಅದಕ್ಕೇನಾತು ಅಂದ್ರು,” ಅಂತ ನಗುತ್ತ ಹೇಳಿದ.

1844ರಲ್ಲಿ ಮಾರ್ಕ್ಸ್ ಬರೆದ ನೋಟ್‌ಬುಕ್ಕುಗಳಲ್ಲಿ ಇದನ್ನು ನಾಲ್ಕು ಸುತ್ತಿನಲ್ಲಿ ಹೇಳಿದ್ದಾನೆ. ಮಾಡಿದ ವಸ್ತು ನಿನ್ನದಲ್ಲ. ಮಾಡುವ ಕೆಲಸವೂ ನಿನ್ನದಲ್ಲ, ಇನ್ನೊಬ್ಬರು ಹೇಳಿದ ಹಾಗೆ ಮಾಡಬೇಕು. ಮನುಷ್ಯನಾಗಿ ಸೃಷ್ಟಿ ಮಾಡುವ ನಿನ್ನ ಗುಣವೇ ಹೊಟ್ಟೆಪಾಡಿನ ಸಾಧನವಾಗಿಬಿಡುತ್ತದೆ. ಕೊನೆಗೆ ಪಕ್ಕದವನೂ ನಿನಗೆ ಬೇರೆಯವನಾಗುತ್ತಾನೆ. ಈ ನಾಲ್ಕನೆಯದನ್ನು ಜನ ಮರೆಯುತ್ತಾರೆ. ವ್ಯಕ್ತಿ ಕುಗ್ಗುವುದು, ಸಮುದಾಯ ಒಡೆಯುವುದು ಅವನಿಗೆ ಎರಡು ಬೇರೆ ಕಾಯಿಲೆಗಳಲ್ಲ. ಆ ನೋಟ್‌ಬುಕ್ಕುಗಳು ಪೂರ್ತಿಯಾಗಿ ಅಚ್ಚಾದದ್ದು 1932ರಲ್ಲಿ. ಅಷ್ಟರಲ್ಲಿ ರಷ್ಯಾದಲ್ಲಿ ಕ್ರಾಂತಿಯಾಗಿ 15 ವರ್ಷ ಕಳೆದಿತ್ತು. ಆ ಕ್ರಾಂತಿಯ ನಾಯಕ ಲೆನಿನ್ ಅವನ್ನು ಓದದೆಯೇ ತೀರಿಕೊಂಡಿದ್ದ.

ನಮ್ಮ ಎರಡು ಎಕರೆ ಹೊಲ ಕಿತ್ಕೋತಾರಾ?

ರೈತರ ಮಕ್ಕಳು ಮೊದಲು ಕೇಳೋದೇ ಇದು. ಉಡುವ ಬಟ್ಟೆ, ಇರುವ ಮನೆ, ದುಡಿದು ಉಳಿಸಿದ ದುಡ್ಡು ಒಂದು ಬಗೆ. ಇನ್ನೊಬ್ಬರ ದುಡಿಮೆಯನ್ನು ಹಿಂಡುವ ಆಸ್ತಿ ಇನ್ನೊಂದು ಬಗೆ. ಪ್ರಣಾಳಿಕೆಯ ಗುರಿ ಎರಡನೆಯದು. ಸೋವಿಯತ್ ಒಕ್ಕೂಟದಲ್ಲಿ ಲೆನಿನ್ ನಂತರ ಆಳಿದ ಸ್ಟಾಲಿನ್ ಕಾಲದ 1936ರ ಸಂವಿಧಾನ ಕೂಡ ಮನೆ, ಉಳಿತಾಯ, ಮನೆಸಾಮಾನುಗಳ ಮೇಲೆ ಸ್ವಂತ ಹಕ್ಕನ್ನು ಒಪ್ಪಿತ್ತು.

ಸಣ್ಣ ರೈತರ ಬಗ್ಗೆ ಎಂಗೆಲ್ಸ್ 1894ರಲ್ಲಿ ಬಹಳ ಸ್ಪಷ್ಟವಾಗಿ ಬರೆದ. ಬಲವಂತವಾಗಿ ಹೊಲ ಕಿತ್ತುಕೊಳ್ಳಬಾರದು. ಕೂಡಿ ಮಾಡಿದರೆ ಒಳ್ಳೇದು ಅಂತ ಮಾಡಿ ತೋರಿಸಬೇಕು. ಮನಸ್ಸು ಬರದಿದ್ದರೆ ತನ್ನ ಹೊಲದಲ್ಲೇ ಕೂತು ಯೋಚಿಸೋಕೆ ಬಿಡಬೇಕು. ಆದರೆ ಆದದ್ದೇನು? 1929ರಿಂದ ಸ್ಟಾಲಿನ್ ಯೋಚಿಸೋಕೆ ಟೈಮೇ ಕೊಡಲಿಲ್ಲ. ಸಾಮೂಹಿಕ ಬೇಸಾಯಕ್ಕೆ ಜನರನ್ನು ದಬ್ಬಿದರು, ಒಪ್ಪದವರನ್ನು ‘ಕುಲಾಕ್’ (ಶ್ರೀಮಂತ ರೈತ) ಅಂತ ಹೆಸರಿಟ್ಟು ಗಡೀಪಾರು ಮಾಡಿದರು, ಕಾಳು ಹೊತ್ತೊಯ್ದರು. 1932-33ರ ಬರಗಾಲದಲ್ಲಿ ಉಕ್ರೇನ್, ಕಜಾಕ್‌ಸ್ತಾನ ಮತ್ತು ರಷ್ಯಾದ ಹಲವು ಭಾಗಗಳಲ್ಲಿ ಲಕ್ಷಾಂತರ ಜನ ಸತ್ತರು. ‘ಸಮುದಾಯ’ ಅನ್ನುವ ಪದ ಕೋವಿ ಹಿಡಿದು ಬಂದರೆ ಹೀಗೇ. ಇದನ್ನು ‘ಸಣ್ಣ ತಪ್ಪು’ ಅನ್ನುವವರ ಜೊತೆ ನಾನು ವಾದಕ್ಕೇ ಹೋಗುವುದಿಲ್ಲ.

ನಮ್ಮ ರಾಜ್ಯದ ಕತೆ ಬೇರೆ. ‘ಉಳುವವನೇ ಹೊಲದೊಡೆಯ’ ಅನ್ನೋದು ಎಡಪಂಥದವರಿಗೆ ಅಚ್ಚುಮೆಚ್ಚಿನ ಘೋಷಣೆ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಗಮನಿಸಿ, ಆ ಘೋಷಣೆ ಕೇಳುವುದು ಕೂಡೊಡೆತನವನ್ನಲ್ಲ, ಒಬ್ಬೊಬ್ಬ ಗೇಣಿದಾರನ ಹೆಸರಿನಲ್ಲಿ ಒಂದೊಂದು ಪಹಣಿಯನ್ನು.

ಮನೆ, ಮದುವೆ, ಕುಟುಂಬ?

ಅಂಗನವಾಡಿ ಟೀಚರ್ ಇದಕ್ಕೆ ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ: “ದಿನಾ ಮೂವತ್ತು ರೊಟ್ಟಿ ಬಡಿಯೋಳು ಯಾವಾಗ ‘ವ್ಯಕ್ತಿ’ ಆಗಬೇಕ್ರಿ ಸರ್?” ಎಂಗೆಲ್ಸ್ 1884ರಲ್ಲಿ, ಮನೆಗೆಲಸ ಹೆಂಗಸಿನ ಖಾಸಗಿ ಚಾಕರಿಯಾಗಿ ಉಳಿದಷ್ಟು ದಿನ ಅವಳಿಗೆ ಬಿಡುಗಡೆ ಇಲ್ಲ ಅಂದಿದ್ದ. ಅಲ್ಲಿವರೆಗೆ ಸರಿ. ಆದರೆ 1958ರಲ್ಲಿ ಚೀನಾದ ಕಮ್ಯೂನುಗಳಲ್ಲಿ (ಹಳ್ಳಿಗಳನ್ನು ಕೂಡಿಸಿ ಮಾಡಿದ ಸಾಮೂಹಿಕ ಬೇಸಾಯದ ಘಟಕಗಳಲ್ಲಿ) ಸಾಮೂಹಿಕ ಅಡುಗೆಮನೆ ಮಾಡಿ, ಮನೆಮನೆಯ ಬಾಣಲೆಗಳನ್ನು ಉಕ್ಕು ಕರಗಿಸೋಕೆ ಒಯ್ದರು. ಮುಂದೆ ಅನ್ನ ತೀರಿದಾಗ ಮನೆಯಲ್ಲಿ ಬೇಯಿಸೋಕೆ ಪಾತ್ರೆಯೂ ಇರಲಿಲ್ಲ. ಹೆಂಗಸಿನ ಹೊರೆ ಇಳಿಸುವುದು ಬೇರೆ, ಅವಳ ಒಲೆಯ ಮೇಲಿನ ಹಕ್ಕನ್ನು ಕಿತ್ತುಕೊಳ್ಳುವುದು ಬೇರೆ. ನಮ್ಮಲ್ಲಿ ಸ್ವಸಹಾಯ ಸಂಘದ ಹೆಂಗಸರು ಸೇರಿ ರೊಟ್ಟಿ ಮಾಡಿ ಮಾರುತ್ತಾರೆ. ಅಲ್ಲಿ ರೊಟ್ಟಿ ಅವೇ, ಬಡಿಯುವ ಕೈಗಳೂ ಅವೇ, ಆದರೆ ದುಡ್ಡು ಅವರ ಹೆಸರಿನ ಪಾಸ್‌ಬುಕ್ಕಿಗೆ ಹೋಗುತ್ತದೆ. ನನಗೆ ಆ ಪಾಸ್‌ಬುಕ್ಕು ಬಹಳ ದೊಡ್ಡ ವಿಷಯ.

ಹಕ್ಕುಗಳೆಲ್ಲ ‘ಬೂರ್ಜ್ವಾ’ ಅಂತ ಮಾರ್ಕ್ಸ್ ಹೇಳಿದ್ದು ನಿಜವಾ?

ಅರ್ಧ ನಿಜ. (‘ಬೂರ್ಜ್ವಾ’ ಅಂದರೆ ಬಂಡವಾಳ ಉಳ್ಳವರ ವರ್ಗಕ್ಕೆ ಸೇರಿದ್ದು.) ಯೌವನದ ಒಂದು ಲೇಖನದಲ್ಲಿ (1844ರಲ್ಲಿ ಅಚ್ಚಾಯಿತು) ಅವನು ಹಕ್ಕುಗಳನ್ನು ಎರಡು ಹೊಲಗಳ ನಡುವಿನ ಗಡಿಗೂಟಕ್ಕೆ ಹೋಲಿಸುತ್ತಾನೆ. ಮನುಷ್ಯರನ್ನು ಸೇರಿಸುವ ಬದಲು ಬೇರೆ ಮಾಡುತ್ತವೆ ಅಂತ ಅವನ ದೂರು. ಹೋಲಿಕೆ ಸೊಗಸಾಗಿದೆ. ಆದರೆ ಬದುವಿನ ಜಗಳ ನೋಡಿದ ನಮ್ಮವರು ಯಾರೂ ಇದನ್ನು ಪೂರ್ತಿ ಒಪ್ಪಲಾರರು. ಬಾಂದ ಕಲ್ಲು ಕಿತ್ತರೆ ಇಬ್ಬರೂ ಅಣ್ಣತಮ್ಮಂದಿರಾಗುವುದಿಲ್ಲ. ಟ್ರ್ಯಾಕ್ಟರ್ ಇದ್ದವನು ಇಲ್ಲದವನ ಹೊಲದೊಳಗೆ ನಾಲ್ಕು ಸಾಲು ಜಾಸ್ತಿ ಹೊಡೆಯುತ್ತಾನೆ. ಇಲ್ಲಿ ಮಾರ್ಕ್ಸ್ ಅವಸರ ಮಾಡಿದ ಅಂತ ನನ್ನ ಅಭಿಪ್ರಾಯ.

ಪಾರ್ಟಿಯೊಳಗೆ ಬೇರೆ ಮಾತಾಡಬಹುದಾ?

ಪುಸ್ತಕದಲ್ಲಿ ಬಹುದು. ‘ಪ್ರಜಾಸತ್ತಾತ್ಮಕ ಕೇಂದ್ರೀಕರಣ’ ಅಂದರೆ ತೀರ್ಮಾನ ಆಗುವವರೆಗೆ ಬೇಕಾದಷ್ಟು ಚರ್ಚೆ, ಆದ ಮೇಲೆ ಎಲ್ಲರೂ ಒಂದೇ ಹೆಜ್ಜೆ. ಮುಷ್ಕರ ಮಾಡುವಾಗ ಇದು ಬೇಕು, ಅರ್ಧ ಜನ ಕೆಲಸಕ್ಕೆ ಹೋದರೆ ಮುಷ್ಕರ ಎಲ್ಲಿಯದು? ತೊಂದರೆ ಶುರುವಾಗೋದು ಚರ್ಚೆಯ ಬಾಗಿಲು ಮುಚ್ಚಿ ಹೆಜ್ಜೆ ಮಾತ್ರ ಉಳಿದಾಗ. 1921ರ ಮಾರ್ಚಿನಲ್ಲಿ ಲೆನಿನ್ನನ ಪಾರ್ಟಿ ತನ್ನ ಹತ್ತನೇ ಮಹಾಧಿವೇಶನದಲ್ಲಿ ಒಳಗುಂಪುಗಳನ್ನು ನಿಷೇಧಿಸಿತು. ಅದು ಕಷ್ಟಕಾಲದ ಕ್ರಮ, ಆದರೆ ಕಷ್ಟ ಕಳೆದ ಮೇಲೂ ಹೋಗಲಿಲ್ಲ. ಅವತ್ತು ಕೈ ಎತ್ತಿದವರಲ್ಲಿ ಎಷ್ಟೋ ಜನ 1930ರ ದಶಕದಲ್ಲಿ ತಾವೇ ದ್ರೋಹಿಗಳಾಗಿ ಕಟಕಟೆ ಹತ್ತಿದರು.

ಮೊದಲೇ ಎಚ್ಚರಿಸಿದವರು ಇದ್ದರು. ರೋಸಾ ಲಕ್ಸೆಂಬರ್ಗ್ 1918ರಲ್ಲಿ ಜರ್ಮನಿಯ ಜೈಲಿನಲ್ಲಿ ಕೂತು, ಸ್ವಾತಂತ್ರ್ಯ ಅಂದರೆ ಯಾವಾಗಲೂ ಬೇರೆ ಥರ ಯೋಚಿಸುವವರ ಸ್ವಾತಂತ್ರ್ಯ ಅಂತ ಬರೆದಳು. ಬರೆದವಳು ಕ್ರಾಂತಿಯ ವೈರಿಯಲ್ಲ, ಕ್ರಾಂತಿ ಬೇಕು ಅಂದವಳೇ.

ಈಗ ನನ್ನ ಕತೆ. ಇಪ್ಪತ್ತರ ಹರೆಯದಲ್ಲಿ ಒಂದು ಸಂಘಟನೆಯಲ್ಲಿದ್ದೆ. ಹೆಸರು ಬೇಡ. ಒಂದು ಮೀಟಿಂಗಿನಲ್ಲಿ ಚಂದಾ ಎತ್ತಿದ ದುಡ್ಡಿನ ಲೆಕ್ಕ ಕೇಳಿದೆ. ಅನುಮಾನದಿಂದ ಕೇಳಿದ್ದಲ್ಲ, ರಸೀದಿ ಹರಿದುಕೊಟ್ಟವನು ನಾನೇ, ಬೀದಿಯಲ್ಲಿ ಜನ ನನ್ನನ್ನು ಕೇಳುತ್ತಿದ್ದರು. ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸುತ್ತ, “ಸಂಘ ದೊಡ್ಡದೋ, ನೀನು ದೊಡ್ಡವನೋ?” ಅಂದರು. ಉತ್ತರ ಹೊಳೆಯಲಿಲ್ಲ. ಮುಂದಿನ ಮೀಟಿಂಗಿಗೆ ನನಗೆ ಹೇಳಿಕಳಿಸಲಿಲ್ಲ. ರಸೀದಿ ಪುಸ್ತಕದ ಅರ್ಧ ಇನ್ನೂ ನನ್ನ ಟ್ರಂಕಿನಲ್ಲಿದೆ. ಆ ಪ್ರಶ್ನೆಯನ್ನೇ ಇಲ್ಲಿ ಶೀರ್ಷಿಕೆ ಮಾಡಿದ್ದು ಅದಕ್ಕೆ.

ಬಸವಣ್ಣ ಕಮ್ಯುನಿಸ್ಟಾ?

ಬಸವಕಲ್ಯಾಣ ಇಲ್ಲೇ ಪಕ್ಕದ ಬೀದರ್ ಜಿಲ್ಲೆಯಲ್ಲಿರೋದರಿಂದ ಈ ಪ್ರಶ್ನೆ ತಪ್ಪೋದಿಲ್ಲ. 12ನೇ ಶತಮಾನದವರಿಗೆ 19ನೇ ಶತಮಾನದ ಅಂಗಿ ತೊಡಿಸೋದು ಬೇಡ. ಆದರೆ ಒಂದು ವಿಷಯ ನೋಡಿ. ಲಿಂಗ ಗುಡಿಯಿಂದ ಅಂಗೈಗೆ ಬಂತು. ದೇವರಿಗೂ ಭಕ್ತನಿಗೂ ನಡುವೆ ಯಾರೂ ಬೇಡ ಅನ್ನುವುದು ವ್ಯಕ್ತಿಗೆ ಸಿಕ್ಕ ದೊಡ್ಡ ಬಿಡುಗಡೆ. ಅದೇ ಜನ ಅನುಭವ ಮಂಟಪದಲ್ಲಿ ಕೂಡಿ ಕೂತು ವಾದ ಮಾಡಿದರು, ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಹಾಕಿದರು. ತನ್ನತನ, ಒಗ್ಗಟ್ಟು ಎರಡೂ ಒಂದೇ ಮನೆಯಲ್ಲಿದ್ದವು. ಆಯ್ದಕ್ಕಿ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ವಾಪಸ್ ಹಾಕಿ ಬರೋಕೆ ಕಳಿಸಿದಳು. ‘ಬೇಕಾದಷ್ಟು’ ಅಂದರೆ ಎಷ್ಟು ಅನ್ನುವ ಪ್ರಶ್ನೆಗೆ ಅವಳು ಯಾವ ಅಧಿಕಾರಿಯನ್ನೂ ಕೇಳಲಿಲ್ಲ.

ವ್ಯತ್ಯಾಸವೂ ಇದೆ. ದಾಸೋಹ ಕೊಡುವವನ ಮನಸ್ಸನ್ನು ನಂಬುತ್ತದೆ. ಮಾರ್ಕ್ಸ್ ಕೇಳುವುದು ಕಣಜ ಯಾರ ಹೆಸರಿನಲ್ಲಿದೆ ಅಂತ.

ಎಲ್ಲಿಂದ ಓದೋಕೆ ಶುರು ಮಾಡಲಿ?

ಪ್ರಣಾಳಿಕೆಯ ಎರಡನೇ ಅಧ್ಯಾಯ. ಕನ್ನಡದಲ್ಲಿ ಸಿಗುತ್ತದೆ, ಒಂದು ಸಂಜೆಯ ಓದು. ಆಮೇಲೆ ಗೋಥಾ ಟಿಪ್ಪಣಿ. ಆಮೇಲೆ ಅಂಬೇಡ್ಕರರ ನವೆಂಬರ್ 4ರ ಭಾಷಣ. ‘ಬಂಡವಾಳ’ವನ್ನು ಮೊದಲ ದಿನವೇ ಎತ್ತಿಕೊಳ್ಳಬೇಡಿ. ನಮ್ಮ ಯೂನಿವರ್ಸಿಟಿ ಹುಡುಗರು ಹಾಗೆ ಮಾಡಿ, ಮೂರನೇ ಭಾನುವಾರ ಬರೋದನ್ನೇ ಬಿಟ್ಟಿದ್ದರು. ಮಾಸ್ತರು ಹಾಸ್ಟೆಲ್ಲಿಗೆ ಹೋಗಿ ಕರೆದುಕೊಂಡು ಬರಬೇಕಾಯಿತು.